ಸೆಟ್ಲ್‌ಮೆಂಟ್ ಮುಗಿದ ಮೇಲೆ ಸಿಬಿಲ್ ಸರಿಮಾಡಿಕೊಳ್ಳುವುದು ಹೇಗೆ: ಕಾಗದದಿಂದ ಹೊಸ ಸಾಲದವರೆಗೆ

ಬ್ಯಾಂಕಿನವರ ಜೊತೆ ಕೂತು ಮಾತಾಡಿ, ಇಷ್ಟಕ್ಕೆ ಮುಗಿಸೋಣ ಅಂತ ಒಪ್ಪಿಸಿ, ಎಲ್ಲೆಲ್ಲಿಂದಲೋ ಹೊಂದಿಸಿ ದುಡ್ಡು ಕಟ್ಟಿದ್ದಾಯಿತು. ರಿಕವರಿಯವರ ಫೋನ್ ನಿಂತಿತು. ಗೊತ್ತಿಲ್ಲದ ನಂಬರ್ ಬಂದರೆ ಎದೆ ಧಸಕ್ ಅನ್ನುವುದೂ ನಿಧಾನಕ್ಕೆ ಕಡಿಮೆಯಾಯಿತು. ಆಮೇಲೆ ಒಂದು ದಿನ ಬೈಕಿಗೋ ಮಗಳ ಕಾಲೇಜಿಗೋ ಸಾಲ ಕೇಳಲು ಹೋದರೆ, ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, ದನಿ ತಗ್ಗಿಸಿ, "ಸರ್, ಸಿಬಿಲ್‌ನಲ್ಲಿ ಸೆಟ್ಲ್ಡ್ ಅಂತ ತೋರಿಸ್ತಿದೆ" ಅನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಸಿಬಿಲ್ ಅಂದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಅಂತ ದಾಖಲೆ ಇಡುವ ಕಂಪನಿ, ಆ ದಾಖಲೆ ನೋಡಿ ಕೊಡುವ ಅಂಕಿಯೇ ಸ್ಕೋರ್. ಸೆಟ್ಲ್ಡ್ ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ರಾಜಿಯಾದ ಸಾಲ.

ಒಂದು ಕ್ರೆಡಿಟ್ ಕಾರ್ಡು, ಒಂದು ಪರ್ಸನಲ್ ಲೋನು, ಎರಡನ್ನೂ ಸೆಟ್ಲ್ ಮಾಡಿಕೊಂಡು ನಾನೂ ಈ ದಾರಿಯಲ್ಲಿ ನಡೆದವನೇ. ಮೊದಲ ವರ್ಷ ಪೂರ್ತಿ ನಾನು ಮಾಡಿದ್ದು ಒಂದೇ ಕೆಲಸ, ವಾರಕ್ಕೊಮ್ಮೆ ಸ್ಕೋರ್ ನೋಡುವುದು. ಅದರಿಂದ ಏನೂ ಆಗಲಿಲ್ಲ. ಸ್ಕೋರ್ ಅನ್ನುವುದು ರೆಕಾರ್ಡಿನ ನೆರಳು ಅಷ್ಟೇ. ನೆರಳನ್ನು ಎಷ್ಟು ತಿದ್ದಿದರೂ ಅದು ನೆಟ್ಟಗಾಗುವುದಿಲ್ಲ, ಮರವನ್ನು ನೋಡಬೇಕು. ಅದಕ್ಕೇ ಈ ಬರಹದಲ್ಲಿ ಸ್ಕೋರಿನ ಮಾತು ಕಡಿಮೆ, ಕಾಗದದ ಮಾತು ಜಾಸ್ತಿ.

ಮೊದಲೇ ಒಂದು ವಿಷಯ. ಕೆಲವು ದೇಶಗಳಲ್ಲಿ ಸಾಲಗಾರರು ಕೋರ್ಟು, ಕಾನೂನಿನ ಮೂಲಕವೇ ಕಂತು ಕಟ್ಟಿ ಮುಗಿಸುವ ವ್ಯವಸ್ಥೆ ಇದೆ. ನಮ್ಮಲ್ಲಿ ಸಾಮಾನ್ಯ ಜನರ ಸಾಲ ಮುಗಿಯುವುದು ಬಹುತೇಕ ಎರಡು ದಾರಿಯಲ್ಲಿ. ಒಂದು, ಬ್ಯಾಂಕಿನ ಜೊತೆ ನೇರ ಒನ್ ಟೈಮ್ ಸೆಟ್ಲ್‌ಮೆಂಟ್, ಅಂದರೆ ಓಟಿಎಸ್. ಇನ್ನೊಂದು, ಲೋಕ ಅದಾಲತ್‌ನಲ್ಲಿ ರಾಜಿ. ಅದಾಲತ್‌ನಲ್ಲಿ ಮುಗಿಸಿದರೆ ಸಿಬಿಲ್‌ಗೆ ಬರುವುದಿಲ್ಲ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಬಾಕಿಯಲ್ಲಿ ಒಂದು ಭಾಗ ಬಿಟ್ಟುಕೊಟ್ಟಿದ್ದರೆ ಬ್ಯಾಂಕು ಅದನ್ನೂ ಸೆಟ್ಲ್ಡ್ ಅಂತಲೇ ಕಳಿಸಬಹುದು.

ಹಂತ 1: ಕಾಗದ ಕೈಗೆ ಬರಲಿ

ದುಡ್ಡು ಕಟ್ಟಿದ ಖುಷಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ನಿಮ್ಮ ಹತ್ತಿರ ಮೂರು ಕಾಗದ ಇರಲೇಬೇಕು. ಇಷ್ಟು ಮೊತ್ತಕ್ಕೆ, ಈ ತಾರೀಖಿನೊಳಗೆ ಒಪ್ಪಿದ್ದೇವೆ ಅಂತ ಬ್ಯಾಂಕು ಕೊಟ್ಟ ಸೆಟ್ಲ್‌ಮೆಂಟ್ ಪತ್ರ. ಆ ಮೊತ್ತ ಕಟ್ಟಿದ್ದಕ್ಕೆ ರಸೀದಿ, ಜೊತೆಗೆ ದುಡ್ಡು ಹೋದದ್ದು ಕಾಣುವ ನಿಮ್ಮ ಖಾತೆಯ ಸ್ಟೇಟ್‌ಮೆಂಟ್. ಕೊನೆಯದಾಗಿ, ಇನ್ನು ಈ ಖಾತೆಯಲ್ಲಿ ಯಾವ ಬಾಕಿಯೂ ಇಲ್ಲ ಅನ್ನುವ ನೋ ಡ್ಯೂ ಸರ್ಟಿಫಿಕೇಟ್. ಲೋಕ ಅದಾಲತ್ ಆಗಿದ್ದರೆ ಅವಾರ್ಡಿನ, ಅಂದರೆ ಅಲ್ಲಿ ಕೊಟ್ಟ ತೀರ್ಪಿನ, ದೃಢೀಕೃತ ಪ್ರತಿಯೂ ಬೇಕು. ಆ ಅವಾರ್ಡಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ತೂಕ ಇದೆ.

ನೋ ಡ್ಯೂ ಪತ್ರ ಸಿಕ್ಕಿತು ಅಂತ ಮಡಚಿ ಬೀರುವಿನಲ್ಲಿ ಇಡಬೇಡಿ, ಮೊದಲು ಓದಿ. ಸಾಲದ ಖಾತೆ ನಂಬರ್ ಸರಿ ಇದೆಯಾ, ನಿಮ್ಮ ಹೆಸರು ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯಾ, ಸೀಲು ಸಹಿ ತಾರೀಖು ಮೂರೂ ಇದೆಯಾ ನೋಡಿ. ನನಗೆ ಬಂದ ಮೊದಲ ಪತ್ರದಲ್ಲಿ ಖಾತೆ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲಾಗಿತ್ತು. ನಾನು ಗಮನಿಸಿದ್ದು ಏಳು ತಿಂಗಳ ಮೇಲೆ. ಅಷ್ಟರಲ್ಲಿ ಆ ಮ್ಯಾನೇಜರ್ ವರ್ಗಾವಣೆಯಾಗಿದ್ದರು, ಹೊಸಬರಿಗೆ ಇಡೀ ಕತೆಯನ್ನು ಮೊದಲಿನಿಂದ ಹೇಳಬೇಕಾಯಿತು.

ನಿಮ್ಮ ಸಾಲವನ್ನು ಬ್ಯಾಂಕು ಯಾವುದಾದರೂ ಅಸೆಟ್ ರೀಕನ್‌ಸ್ಟ್ರಕ್ಷನ್ ಕಂಪನಿಗೆ, ಅಂದರೆ ಕೆಟ್ಟ ಸಾಲಗಳನ್ನು ಕೊಂಡು ವಸೂಲಿ ಮಾಡುವ ಕಂಪನಿಗೆ, ಮಾರಿತ್ತಾ? ಹಾಗಿದ್ದರೆ ನೋ ಡ್ಯೂ ಪತ್ರ ಆ ಕಂಪನಿಯಿಂದ ಬರಬೇಕು. ಸಾಲ ಇಂಥ ಕಂಪನಿಗೆ ಮಾರಾಟವಾಗಿದೆ ಅನ್ನುವುದಕ್ಕೂ ಬ್ಯಾಂಕಿನಿಂದ ಒಂದು ಪತ್ರ ಇಟ್ಟುಕೊಳ್ಳಿ. ಒಂದೇ ಸಾಲ ಬ್ಯಾಂಕಿನ ಹೆಸರಲ್ಲೂ ಕಂಪನಿಯ ಹೆಸರಲ್ಲೂ ಎರಡು ಸಲ ಕಾಣುವ ತೊಂದರೆ ಇಂಥ ಕೇಸುಗಳಲ್ಲೇ ಬರುವುದು.

ಮನೆ, ಸೈಟಿನ ಪತ್ರ ಅಡವಿಟ್ಟಿದ್ದರೆ ಅದನ್ನೂ ಈಗಲೇ ವಾಪಸ್ ಪಡೆಯಿರಿ. ಸಾಲ ಪೂರ್ತಿ ತೀರಿದ ಅಥವಾ ಸೆಟ್ಲ್ ಆದ 30 ದಿನದೊಳಗೆ ಮೂಲ ಪತ್ರಗಳನ್ನು ಕೊಡಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಹೇಳಿದೆ. 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಈ ಮಾತನ್ನು ಮೆಲ್ಲಗೆ ಎತ್ತಿದರೂ ಸಾಕು, ಫೈಲು ಓಡುತ್ತದೆ.

ಇನ್ನು ಚಿಲ್ಲರೆ ಕೆಲಸ. ಮುಂಗಡ ಕೊಟ್ಟಿದ್ದ ಸಹಿ ಮಾಡಿದ ಚೆಕ್ಕುಗಳನ್ನು ವಾಪಸ್ ಕೇಳಿ. ಕಂತು ತಾನಾಗೇ ಕಟ್ ಆಗಲಿ ಅಂತ ಕೊಟ್ಟ ನ್ಯಾಚ್ ಮ್ಯಾಂಡೇಟ್ ರದ್ದು ಮಾಡಿಸಿ. ಕ್ರೆಡಿಟ್ ಕಾರ್ಡಾಗಿದ್ದರೆ ಖಾತೆ ಮುಚ್ಚಿದೆ ಅಂತ ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ವಾರ್ಷಿಕ ಶುಲ್ಕ ಅಂತ ಐನೂರು ರೂಪಾಯಿ ಬಂದು ಕೂತು, ಅದಕ್ಕೆ ಬಡ್ಡಿ ಬೆಳೆದು, ಮುಗಿದ ಕತೆ ಮತ್ತೆ ಶುರುವಾದ ಉದಾಹರಣೆ ಬೇಕಾದಷ್ಟಿದೆ.

ಹಂತ 2: ನಾಲ್ಕೂ ರಿಪೋರ್ಟ್ ತೆಗೆಯಿರಿ

ಎಲ್ಲರ ಬಾಯಲ್ಲೂ ಸಿಬಿಲ್ ಅಂತಲೇ ಇದ್ದರೂ ಸಾಲದ ದಾಖಲೆ ಇಡುವ ಇಂಥ ಕ್ರೆಡಿಟ್ ಮಾಹಿತಿ ಕಂಪನಿಗಳು ನಮ್ಮಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ ಒಂದರಲ್ಲಿ ಸರಿ ಇದ್ದರೆ ಸಾಕು ಅಂತ ಕೂರಬೇಡಿ. ನೀವು ನಾಳೆ ಸಾಲ ಕೇಳುವವರು ಯಾವುದನ್ನು ನೋಡುತ್ತಾರೋ ಗೊತ್ತಿಲ್ಲ. ಒಂದರಲ್ಲಿ ಸರಿಯಾದ ತಪ್ಪು ಇನ್ನೊಂದರಲ್ಲಿ ಹಾಗೇ ಉಳಿದಿರುವುದು ತುಂಬ ಮಾಮೂಲಿ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ಅಂದರೆ ವರ್ಷಕ್ಕೆ ನಾಲ್ಕು. ಅವರ ವೆಬ್‌ಸೈಟಿನಲ್ಲಿ ಮೊದಲು ಕಣ್ಣಿಗೆ ಹೊಡೆಯುವುದು ದುಡ್ಡಿನ ಪ್ಲಾನುಗಳೇ, ಉಚಿತ ಅನ್ನುವ ಲಿಂಕ್ ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಹುಡುಕಿ. ಪ್ಯಾನ್ ನಂಬರ್, ಮೊಬೈಲು, ಒಂದು ಓಟಿಪಿ, ಇಷ್ಟರಲ್ಲಿ ಮುಗಿಯುತ್ತದೆ. ಮೊದಲ ಸಲ ನಾಲ್ಕನ್ನೂ ಒಂದೇ ವಾರದಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ಹೋಲಿಸಿ. ಮರುವರ್ಷದಿಂದ ಮೂರು ತಿಂಗಳಿಗೆ ಒಂದರಂತೆ ತೆಗೆದರೆ ವರ್ಷಪೂರ್ತಿ ಬಿಟ್ಟಿಯಾಗಿ ಕಣ್ಣಿಟ್ಟ ಹಾಗಾಗುತ್ತದೆ.

ನಮ್ಮ ರಿಪೋರ್ಟ್ ನಾವೇ ನೋಡಿದರೆ ಸ್ಕೋರ್ ಕಡಿಮೆಯಾಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ತುಂಬ ಜನ ತೆಗೆಯುವುದೇ ಇಲ್ಲ. ಇದು ಸುಳ್ಳು. ಸಾಲ ಕೇಳಿದಾಗ ಬ್ಯಾಂಕು ತೆಗೆದು ನೋಡುವುದು ಬೇರೆ, ನೀವು ನೋಡಿಕೊಳ್ಳುವುದು ಬೇರೆ. ಮೊದಲನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹಂತ 3: ರಿಪೋರ್ಟ್ ಓದುವುದು

ಸ್ಕೋರ್ ದೊಡ್ಡದಾಗಿ ಮೇಲೆ ಇರುತ್ತದೆ, 300ರಿಂದ 900ರ ಮಧ್ಯೆ ಒಂದು ಅಂಕಿ. ಅದನ್ನು ಒಂದು ಸಲ ನೋಡಿ ಕೆಳಗೆ ಇಳಿಯಿರಿ. ನಿಜವಾದ ವಿಷಯ ಇರುವುದು ಖಾತೆಗಳ ಪಟ್ಟಿಯಲ್ಲಿ.

ಅಲ್ಲಿ ಪ್ರತಿ ಸಾಲದ ಮುಂದೆ ಒಂದು ಸ್ಥಿತಿ ಬರೆದಿರುತ್ತದೆ. ಕ್ಲೋಸ್ಡ್ ಅಂದರೆ ಪೂರ್ತಿ ತೀರಿಸಿದ್ದೀರಿ. ಸೆಟ್ಲ್ಡ್ ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ರಾಜಿಯಾಗಿದ್ದೀರಿ. ರಿಟನ್ ಆಫ್ ಅಂದರೆ ಬ್ಯಾಂಕು ತನ್ನ ಲೆಕ್ಕಪುಸ್ತಕದಲ್ಲಿ ಅದನ್ನು ನಷ್ಟ ಅಂತ ತೋರಿಸಿದೆ. ಹಾಗಂತ ಸಾಲ ಮನ್ನಾ ಆಯಿತು ಅಂತಲ್ಲ, ನಿಮ್ಮ ಬಾಕಿ ಬಾಕಿಯೇ. ರಿಟನ್ ಆಫ್ ಆದ ಮೇಲೆ ಸೆಟ್ಲ್ ಮಾಡಿಕೊಂಡಿದ್ದರೆ ಪೋಸ್ಟ್ ರಿಟನ್ ಆಫ್ ಸೆಟ್ಲ್ಡ್ ಅಂತ ಬರಬೇಕು. ನೀವು ದುಡ್ಡು ಕಟ್ಟಿದ ಮೇಲೂ ಬರೀ ರಿಟನ್ ಆಫ್ ಅಂತಲೇ ಇದ್ದರೆ, ಅದು ಮೊದಲು ಸರಿಯಾಗಬೇಕಾದ ತಪ್ಪು.

ಅದರ ಕೆಳಗೆ ತಿಂಗಳವಾರು ಸಣ್ಣ ಸಣ್ಣ ಚೌಕಗಳಿರುತ್ತವೆ, 36 ತಿಂಗಳವರೆಗಿನವು. ಕಂತು ಎಷ್ಟು ದಿನ ತಡ ಅನ್ನುವ ಲೆಕ್ಕ ಅದು. 000 ಅಂದರೆ ಸರಿಯಾಗಿ ಕಟ್ಟಿದ್ದೀರಿ, 030 ಅಂದರೆ 30 ದಿನ ತಡ. ಮೂರು ಎಕ್ಸ್ ಇದ್ದರೆ ಆ ತಿಂಗಳು ಬ್ಯಾಂಕು ಮಾಹಿತಿಯನ್ನೇ ಕಳಿಸಿಲ್ಲ. 90 ದಿನ ದಾಟಿದ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ, ಅಲ್ಲಿಂದ ಸಂಖ್ಯೆಯ ಬದಲು ಎಸ್‌ಯುಬಿ (ಸಬ್‌ಸ್ಟ್ಯಾಂಡರ್ಡ್), ಡಿಬಿಟಿ (ಡೌಟ್‌ಫುಲ್, ವಸೂಲಿ ಅನುಮಾನ) ಅನ್ನುವ ಅಕ್ಷರಗಳೂ ಕಾಣಬಹುದು. ನಿಮ್ಮ ಕೆಟ್ಟ ಕಾಲ ಇಲ್ಲಿ ಸಾಲಾಗಿ ಕೂತಿರುತ್ತದೆ. ನೋಡಿದರೆ ಹೊಟ್ಟೆ ಹಿಂಡುತ್ತದೆ, ಆದರೂ ನೋಡಿ.

ಗಮನ ಕೊಡಬೇಕಾದ ಜಾಗಗಳು ಇವು. ಪ್ರಸ್ತುತ ಬಾಕಿ ಸೊನ್ನೆ ಇದೆಯಾ? ಬಿಟ್ಟುಕೊಟ್ಟ ಮೊತ್ತವನ್ನೇ ಇನ್ನೂ ಬಾಕಿ ಅಂತ ತೋರಿಸುವುದು ಎಲ್ಲಕ್ಕಿಂತ ಜಾಸ್ತಿ ಆಗುವ ಎಡವಟ್ಟು. ಓವರ್‌ಡ್ಯೂ, ಅಂದರೆ ಗಡುವು ದಾಟಿದ ಬಾಕಿ, ಸೊನ್ನೆ ಇದೆಯಾ? ಕೊನೆಯ ಪಾವತಿ ತಾರೀಖು ನಿಮ್ಮ ರಸೀದಿಯ ತಾರೀಖಿಗೆ ಹೊಂದುತ್ತದಾ? ಸೆಟ್ಲ್ ಆದ ತಿಂಗಳ ನಂತರವೂ ತಡ ಅಂತ ಹಾಕಿದ್ದಾರಾ? ನಿಮ್ಮದಲ್ಲದ ಸಾಲ ಏನಾದರೂ ಇದೆಯಾ? ಹೆಸರು ಒಂದೇ ಇದ್ದರೆ, ಪ್ಯಾನ್ ನಂಬರ್ ತಪ್ಪು ಬಿದ್ದರೆ, ಯಾರದೋ ಟ್ರ್ಯಾಕ್ಟರ್ ಸಾಲ ನಿಮ್ಮ ತಲೆಗೆ ಬಂದಿರಬಹುದು. ಹಾಗೇ ನೀವು ಜಾಮೀನು ಹಾಕಿದ ಸಾಲಗಳೂ ಇಲ್ಲೇ ಇರುತ್ತವೆ. ಭಾಮೈದನ ಸಾಲಕ್ಕೆ ಸಹಿ ಹಾಕಿ ಮರೆತಿದ್ದರೆ ಇಲ್ಲಿ ನೆನಪಾಗುತ್ತದೆ.

ಹಂತ 4: ತಪ್ಪು ಯಾವುದು, ಕಹಿಸತ್ಯ ಯಾವುದು

ರಿಪೋರ್ಟಿನಲ್ಲಿ ನಮಗೆ ಬೇಡವಾದದ್ದೆಲ್ಲ ತಪ್ಪಲ್ಲ. ಆರು ತಿಂಗಳು ಕಂತು ಕಟ್ಟಿಲ್ಲ ಅಂತಿದ್ದರೆ, ನೀವು ನಿಜಕ್ಕೂ ಕಟ್ಟಿರದಿದ್ದರೆ, ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಈ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮವೇ ಇದೆ. ತಪ್ಪು ಮಾಹಿತಿಯನ್ನು ಮಾತ್ರ ತಿದ್ದಿಸಬಹುದು. ಅದನ್ನು ಬಿಡಬೇಡಿ.

ದೂರು ಕೊಡುವುದು ಆಯಾ ಕಂಪನಿಯ ವೆಬ್‌ಸೈಟಿನಲ್ಲೇ, ಅದಕ್ಕೆ ದುಡ್ಡಿಲ್ಲ. ಆದರೆ ಸಿಬಿಲ್ ಆಗಲಿ ಬೇರೆಯವರಾಗಲಿ ತಾವೇ ತಿದ್ದುವುದಿಲ್ಲ, ಬ್ಯಾಂಕನ್ನು ಕೇಳುತ್ತಾರೆ, ಬ್ಯಾಂಕು ಹೌದು ಅಂದರೆ ತಿದ್ದುತ್ತಾರೆ. ಹಾಗಾಗಿ ನನ್ನ ಸಲಹೆ, ಎರಡೂ ಕಡೆ ಒಂದೇ ದಿನ ಕೊಡಿ. ಬ್ಯಾಂಕಿಗೆ ಬರೆಯುವಾಗ ಗೋಳು ತೋಡಿಕೊಳ್ಳಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಈಮೇಲ್ ಎರಡು ಪುಟ ಇತ್ತು, ಉತ್ತರವೇ ಬರಲಿಲ್ಲ. ಎರಡನೆಯದು ಹೀಗಿತ್ತು:

"ನನ್ನ ಸಾಲದ ಖಾತೆ ನಂಬರ್ ಇಂಥದ್ದು. ಇಂಥ ತಾರೀಖಿನ ನಿಮ್ಮ ಸೆಟ್ಲ್‌ಮೆಂಟ್ ಪತ್ರದ ಪ್ರಕಾರ ಇಷ್ಟು ರೂಪಾಯಿ ಇಂಥ ತಾರೀಖಿನಂದು ಕಟ್ಟಿದ್ದೇನೆ. ನೋ ಡ್ಯೂ ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಆದರೂ ಕ್ರೆಡಿಟ್ ರಿಪೋರ್ಟಿನಲ್ಲಿ ಇಷ್ಟು ರೂಪಾಯಿ ಬಾಕಿ ಇದೆ ಎಂದು ತೋರಿಸುತ್ತಿದೆ. ಬಾಕಿ ಮತ್ತು ಓವರ್‌ಡ್ಯೂ ಎರಡನ್ನೂ ಸೊನ್ನೆ ಎಂದು ತಿದ್ದಿ, ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಿ, ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ."

ಇಷ್ಟೇ. ಶಾಖೆಗೆ ಕೈಯಾರೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ನಯವಾಗಿಯೇ, ಸ್ವೀಕೃತಿ ಕೊಟ್ಟರೆ ಹೊರಡುತ್ತೇನೆ ಅನ್ನಿ.

ದೂರು ಕೊಟ್ಟ ದಿನದಿಂದ 30 ದಿನದೊಳಗೆ ಅದು ಬಗೆಹರಿಯಬೇಕು. ದಾಟಿದರೆ ದಿನಕ್ಕೆ ₹100 ಪರಿಹಾರ ನಿಮಗೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಬ್ಯಾಂಕು 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸದೆ ತಡ ಮಾಡಿದರೆ ಆ ಹಣ ಬ್ಯಾಂಕಿನ ತಲೆಗೆ. ಬ್ಯಾಂಕು ಕಳಿಸಿಯೂ ಕ್ರೆಡಿಟ್ ಕಂಪನಿ ಕೂತರೆ ಅದರ ತಲೆಗೆ. ದೂರಿನ ಫಾರಂನಲ್ಲಿ ನಿಮ್ಮ ಖಾತೆ ನಂಬರ್ ಅಥವಾ ಯುಪಿಐ ಐಡಿ ಕೇಳುವುದು ಇದಕ್ಕೇ, ಖಾಲಿ ಬಿಡಬೇಡಿ. ದೂರನ್ನು ತಿರಸ್ಕರಿಸಿದರೆ ಕಾರಣ ಹೇಳಬೇಕು. ಅದೂ ನಿಮ್ಮ ಹಕ್ಕು.

ಬ್ಯಾಂಕಿನಿಂದ 30 ದಿನವಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸಮಾಧಾನ ತರಲಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಸಿಎಂಎಸ್ ಅನ್ನುವ ಅವರ ಪೋರ್ಟಲ್ ಇದೆ, 14448 ಅಂತ ಸಹಾಯವಾಣಿ ಇದೆ, ಇದಕ್ಕೂ ಶುಲ್ಕವಿಲ್ಲ, ವಕೀಲರೂ ಬೇಡ. 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಮಾಹಿತಿ ಕಂಪನಿಗಳನ್ನೂ ಈ ವ್ಯವಸ್ಥೆಯ ಒಳಗೆ ತಂದಿದ್ದಾರೆ. ನೆನಪಿಡಿ, ಮೊದಲು ಬ್ಯಾಂಕಿಗೆ ದೂರು ಕೊಟ್ಟಿದ್ದಕ್ಕೆ ದಾಖಲೆ ಇಲ್ಲದೆ ಇಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಆ ಸೀಲು ಬೇಕು ಅಂದಿದ್ದು ಅದಕ್ಕೇ.

ಒಂದು ಸಮಾಧಾನದ ಸಂಗತಿ, 2025ರ ಜನವರಿ 1ರಿಂದ ಬ್ಯಾಂಕುಗಳು ತಿಂಗಳಿಗೊಮ್ಮೆ ಬದಲು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಮೊದಲಿನ ಹಾಗೆ ಒಂದು ತಿದ್ದುಪಡಿ ಕಾಣಿಸಲು ತಿಂಗಳುಗಟ್ಟಲೆ ಕಾಯಬೇಕಿಲ್ಲ.

ಹಂತ 5: ಸೆಟ್ಲ್ಡ್ ಅನ್ನುವುದನ್ನು ಕ್ಲೋಸ್ಡ್ ಮಾಡಿಸಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮಾಡಿಸಬಹುದು, ಆದರೆ ಪುಕ್ಕಟೆ ಅಲ್ಲ. ಬ್ಯಾಂಕು ಅಂದು ಬಿಟ್ಟುಕೊಟ್ಟ ಮೊತ್ತವನ್ನು ಈಗ ಕಟ್ಟಲು ಒಪ್ಪಿದರೆ, ಹಲವು ಬ್ಯಾಂಕುಗಳು ಸ್ಥಿತಿಯನ್ನು ಕ್ಲೋಸ್ಡ್ ಅಂತ ಬದಲಾಯಿಸುತ್ತವೆ. ಕೆಲವು ಮೇಲೆ ಬಡ್ಡಿ ಕೇಳುತ್ತವೆ, ಅಲ್ಲಿ ಚೌಕಾಸಿ ಮಾಡಿ. ಅಸಲಿನ ಬಾಕಿ ಎಷ್ಟು, ಬಡ್ಡಿ ದಂಡ ಎಷ್ಟು ಅಂತ ಬಿಡಿಸಿ ಕೊಡಲು ಕೇಳಿ. ಅಸಲು ಮಾತ್ರ ಕಟ್ಟಿ ಮುಗಿಸಲು ಒಪ್ಪುವವರೂ ಇದ್ದಾರೆ.

ಒಂದು ರೂಪಾಯಿ ಕಟ್ಟುವ ಮೊದಲು, ಇಷ್ಟು ಕಟ್ಟಿದರೆ ಕ್ಲೋಸ್ಡ್ ಅಂತ ವರದಿ ಮಾಡುತ್ತೇವೆ ಅನ್ನುವ ಮಾತು ಬ್ಯಾಂಕಿನ ಲೆಟರ್‌ಹೆಡ್‌ನಲ್ಲೋ ಅಧಿಕೃತ ಈಮೇಲ್‌ನಲ್ಲೋ ಬರಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಕಟ್ಟಬೇಕಾ ಬೇಡವಾ? ಎರಡು ಮೂರು ವರ್ಷದಲ್ಲಿ ಮನೆ ಸಾಲದಂಥ ದೊಡ್ಡ ಸಾಲ ಬೇಕಾಗಿದೆ, ಬಾಕಿ ಮೊತ್ತವೂ ನಿಮ್ಮ ಕೈಗೆಟುಕುವಂತಿದೆ ಅಂದರೆ ಕಟ್ಟಿ. ದೊಡ್ಡ ಬ್ಯಾಂಕಿನ ಮ್ಯಾನೇಜರ್‌ಗೆ ಸೆಟ್ಲ್ಡ್ ಅನ್ನುವ ಪದವೇ ಅಡ್ಡಿ, ಸ್ಕೋರ್ 750 ಇದ್ದರೂ ಆ ಪದ ನೋಡಿ ಫೈಲು ಪಕ್ಕಕ್ಕಿಡುತ್ತಾರೆ. ಆದರೆ ಕೈಯಲ್ಲಿ ಮೂರು ತಿಂಗಳ ಖರ್ಚಿಗೂ ದುಡ್ಡಿಲ್ಲದೆ, ಮತ್ತೆ ಕೈಸಾಲ ಮಾಡಿ ಇದನ್ನು ಕಟ್ಟಲು ಹೋಗಬೇಡಿ. ಒಂದು ಹೊಂಡ ಮುಚ್ಚಲು ಇನ್ನೊಂದು ತೋಡಿದ ಹಾಗಾಗುತ್ತದೆ. ಕ್ಲೋಸ್ಡ್ ಆದರೂ ಹಳೆಯ ತಡ ಪಾವತಿಯ ಚೌಕಗಳು ಹಾಗೇ ಉಳಿಯುತ್ತವೆ ಅನ್ನುವುದೂ ಗೊತ್ತಿರಲಿ. ನಾನು ಕಾರ್ಡಿನದು ಕಟ್ಟಿದೆ, ಲೋನಿನದು ಬಿಟ್ಟೆ. ಇಂದಿಗೂ ಆ ಲೆಕ್ಕ ಸರಿ ಅಂತಲೇ ಅನಿಸುತ್ತದೆ.

ಹಂತ 6: ಒಂದು ವರ್ಷ ಕೈ ಕಟ್ಟಿ ಕೂರುವುದು

2023ರ ಜೂನ್ 8ರಂದು ರಿಸರ್ವ್ ಬ್ಯಾಂಕ್ ರಾಜಿ ಇತ್ಯರ್ಥದ ಬಗ್ಗೆ ಒಂದು ಚೌಕಟ್ಟು ಹೊರಡಿಸಿತು. ಅದರ ಪ್ರಕಾರ ರಾಜಿ ಮಾಡಿಕೊಂಡವರಿಗೆ ಮತ್ತೆ ಸಾಲ ಕೊಡುವ ಮೊದಲು ಕನಿಷ್ಠ 12 ತಿಂಗಳ ವಿರಾಮ ಇರಬೇಕು. ಕೃಷಿ ಸಾಲಕ್ಕೆ ಮಾತ್ರ ಈ 12 ತಿಂಗಳ ಮಿತಿ ಇಲ್ಲ, ಅಲ್ಲಿ ಆಯಾ ಬ್ಯಾಂಕಿನ ನೀತಿಯಂತೆ. ಕೆಲವು ಬ್ಯಾಂಕುಗಳು ಇದಕ್ಕಿಂತ ಜಾಸ್ತಿ ಅವಧಿಯನ್ನೂ ಇಟ್ಟುಕೊಂಡಿವೆ. ಇದನ್ನು ತಿಳಿಯದೆ ಮೊದಲ ವರ್ಷದಲ್ಲೇ ಐದಾರು ಕಡೆ ಅರ್ಜಿ ಹಾಕಿದರೆ, ಐದಾರು ಕಡೆ ನಿಮ್ಮ ರಿಪೋರ್ಟ್ ತೆಗೆದ ಗುರುತು ಉಳಿಯುತ್ತದೆ. ದುಡ್ಡಿಗೆ ಪರದಾಡುತ್ತಿದ್ದಾನೆ ಅಂತ ಮುಂದಿನವರು ಓದಿಕೊಳ್ಳುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಇಲ್ಲಿ ಸ್ಕೋರೂ ಮಟ್ಟ.

ಲೋನ್ ಆ್ಯಪ್‌ಗಳಲ್ಲಿ ಸುಮ್ನೆ ಎಷ್ಟು ಸಿಗುತ್ತೆ ನೋಡೋಣ ಅಂತ ಒತ್ತುವುದೂ ಕೆಲವೊಮ್ಮೆ ಅರ್ಜಿಯೇ ಆಗಿಬಿಡುತ್ತದೆ. ಮುಟ್ಟಲೇಬೇಡಿ. ಈಗ ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಎಸ್‌ಎಂಎಸ್ ಅಥವಾ ಈಮೇಲ್ ಬರಬೇಕು. ಮೊಬೈಲ್ ನಂಬರ್ ಬದಲಾಗಿದ್ದರೆ ನಾಲ್ಕೂ ಕಡೆ ಹೊಸದನ್ನು ಹಾಕಿಸಿ, ನೀವು ಕೇಳದೆ ಬಂದ ಮೆಸೇಜನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈ ವರ್ಷ ಮಾಡಬೇಕಾದ ಕೆಲಸ ಬೇರೆ ಇದೆ. ಬೇರೆ ಸಾಲಗಳು ಇನ್ನೂ ನಡೆಯುತ್ತಿದ್ದರೆ ಒಂದು ಕಂತೂ ತಪ್ಪಬಾರದು. ಇದಕ್ಕೆ ನಾನು ಕಂಡುಕೊಂಡ ಉಪಾಯ, ಕಂತು ಕಟ್ ಆಗುವ ಖಾತೆಯನ್ನು ಖರ್ಚಿನ ಖಾತೆಯಿಂದ ಬೇರೆ ಮಾಡುವುದು, ಅದರಲ್ಲಿ ಒಂದು ಕಂತಿನಷ್ಟು ಹಣ ಯಾವಾಗಲೂ ಹೆಚ್ಚುವರಿ ಇಡುವುದು. ಸಂಬಳ ಎರಡು ದಿನ ತಡವಾದರೂ ಕಂತು ಬೌನ್ಸ್ ಆಗುವುದಿಲ್ಲ. ಹಬ್ಬ ಬರಲಿ ಮದುವೆ ಬರಲಿ ಆ ದುಡ್ಡು ಮುಟ್ಟಬಾರದು. ಮನೆಯವರಿಗೂ ಆ ಖಾತೆಯ ಸುದ್ದಿ ಗೊತ್ತಿರಲಿ, ಗುಟ್ಟಾಗಿಟ್ಟರೆ ಒಂದು ದಿನ ಜಗಳ ಗ್ಯಾರಂಟಿ.

ಹಂತ 7: ಹೊಸ ದಾಖಲೆ ಕಟ್ಟುವುದು

ಹಳೆಯದನ್ನು ಅಳಿಸಲಾಗದಿದ್ದರೆ ಅದರ ಮೇಲೆ ಹೊಸದನ್ನು ಪೇರಿಸಬೇಕು. ಸಾಲವೇ ಬೇಡಪ್ಪ ಅಂತ ಪೂರ್ತಿ ದೂರ ಇದ್ದರೆ ರಿಪೋರ್ಟಿನಲ್ಲಿ ಕೊನೆಯದಾಗಿ ಕಾಣುವುದು ಆ ಸೆಟ್ಲ್‌ಮೆಂಟೇ. ನೆಮ್ಮದಿಗೆ ಅದು ಒಳ್ಳೆಯದು, ಸಿಬಿಲ್‌ಗೆ ಅಲ್ಲ.

ಸುಲಭದ ದಾರಿ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡು. ಸೆಟ್ಲ್ ಮಾಡಿದ ಬ್ಯಾಂಕು ಬಿಟ್ಟು ಬೇರೆ ಬ್ಯಾಂಕಿನಲ್ಲಿ ಒಂದು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡು ಕೇಳಿ. ನಿಮ್ಮ ದುಡ್ಡೇ ಭದ್ರತೆಯಾಗಿರುವುದರಿಂದ ಹಳೆಯ ರೆಕಾರ್ಡಿಗೆ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಕಾರ್ಡು ತೆಗೆಯುವ ಮೊದಲು ಒಂದೇ ಪ್ರಶ್ನೆ ಕೇಳಿ, ಇದರ ಮಾಹಿತಿ ಕ್ರೆಡಿಟ್ ಕಂಪನಿಗಳಿಗೆ ಹೋಗುತ್ತದಾ ಅಂತ. ಹೋಗದಿದ್ದರೆ ನಿಮಗೆ ಅದರಿಂದ ಲಾಭ ಇಲ್ಲ.

ಬಳಸುವ ಕ್ರಮ ಮುಖ್ಯ. ಲಿಮಿಟ್ ₹20,000 ಅಂದುಕೊಳ್ಳಿ. ತಿಂಗಳಿಗೆ ₹6,000 ದಾಟಬೇಡಿ, ಅಂದರೆ ಮೂವತ್ತು ಪರ್ಸೆಂಟ್ ಒಳಗೆ. ಇದು ನಿಯಮವಲ್ಲ, ಎಲ್ಲರೂ ಒಪ್ಪುವ ಲಕ್ಷ್ಮಣರೇಖೆ. ಬ್ಯಾಂಕು ಹೆಚ್ಚಾಗಿ ವರದಿ ಮಾಡುವುದು ಬಿಲ್ ತಯಾರಾದ ದಿನದ ಬಾಕಿಯನ್ನು. ಹಾಗಾಗಿ ಯಾವುದೋ ತಿಂಗಳು ಅನಿವಾರ್ಯವಾಗಿ ₹15,000 ಖರ್ಚಾದರೆ, ಬಿಲ್ ಬರುವ ಮೊದಲೇ ಒಂದಷ್ಟು ಕಟ್ಟಿಬಿಡಿ. ನಾನು ಕಾರ್ಡಿಗೆ ಮೊಬೈಲ್ ಬಿಲ್ಲು, ಕರೆಂಟ್ ಬಿಲ್ಲು ಎರಡನ್ನೇ ಜೋಡಿಸಿ ಕಾರ್ಡನ್ನು ಬೀರುವಿನಲ್ಲಿಟ್ಟೆ.

ಇನ್ನು ಮಿನಿಮಮ್ ಡ್ಯೂ. ನಮ್ಮಲ್ಲಿ ಎಷ್ಟೋ ಜನ ಬಿದ್ದದ್ದೇ ಈ ಬಾವಿಗೆ, ಅಲ್ವಾ? ₹6,000 ಬಿಲ್ಲಿಗೆ ₹300 ಕಟ್ಟಿದರೆ ಸಾಕು ಅಂತ ಬರೆದಿರುತ್ತದೆ. ಅಷ್ಟು ಕಟ್ಟಿದರೆ ತಡ ಅಂತ ವರದಿ ಆಗುವುದಿಲ್ಲ, ನಿಜ. ಆದರೆ ಉಳಿದದ್ದಕ್ಕೆ ಬಡ್ಡಿ ಶುರು, ಹೊಸದಾಗಿ ಉಜ್ಜಿದ ಪ್ರತಿ ರೂಪಾಯಿಗೂ ಉಜ್ಜಿದ ದಿನದಿಂದಲೇ ಬಡ್ಡಿ. ಆಟೋ ಪೇ ಹಾಕುವಾಗ ಪೂರ್ತಿ ಮೊತ್ತ ಅಂತಲೇ ಆರಿಸಿ. ಅದು ತಾನಾಗಿ ಮಿನಿಮಮ್‌ನಲ್ಲಿ ಇರಬಹುದು, ಪರೀಕ್ಷಿಸಿಕೊಳ್ಳಿ.

ಎಂಟ್ಹತ್ತು ತಿಂಗಳು ಕಾರ್ಡು ಸರಿಯಾಗಿ ನಡೆದ ಮೇಲೆ ಒಂದು ಸಣ್ಣ ಕಂತಿನ ಸಾಲ ಸೇರಿಸಬಹುದು. ಒಡವೆ ಸಾಲ ಸುಲಭವಾಗಿ ಸಿಗುತ್ತದೆ, ಅದೂ ವರದಿಯಾಗುತ್ತದೆ. ಆದರೆ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಬಗೆಯದು ತಗೊಂಡರೆ ತಿಂಗಳ ಕಂತಿನ ಶಿಸ್ತು ತೋರಿಸಲು ಆಗುವುದಿಲ್ಲ. ಕಂತಿನದ್ದೇ ಕೇಳಿ. ಇಲ್ಲದಿದ್ದರೆ ಹೇಗೂ ಬೇಕಾದ ಒಂದು ಫ್ರಿಜ್ಜೋ ಫೋನೋ ಆರು ತಿಂಗಳ ಕಂತಿನಲ್ಲಿ. ಬೇಡದ್ದನ್ನು ಸ್ಕೋರಿಗೋಸ್ಕರ ಕೊಳ್ಳಬೇಡಿ. ಒಂದು ಸಲಕ್ಕೆ ಒಂದೇ, ಮುಗಿದ ಮೇಲೆ ಇನ್ನೊಂದು.

ಚೀಟಿ ಕಟ್ಟಿದ್ದು, ಕೈಸಾಲ ತೀರಿಸಿದ್ದು, ಅಂಗಡಿಯ ಲೆಕ್ಕ ಚುಕ್ತಾ ಮಾಡಿದ್ದು, ಇವೆಲ್ಲ ಎಷ್ಟೇ ನಿಯತ್ತಿನಿಂದ ಮಾಡಿದರೂ ಸಿಬಿಲ್‌ಗೆ ಕಾಣುವುದಿಲ್ಲ. ಸ್ವಸಹಾಯ ಸಂಘ, ಮೈಕ್ರೋಫೈನಾನ್ಸ್ ಸಾಲ ಕಾಣುತ್ತದೆ, ಅದನ್ನು ಸದರ ಮಾಡಬೇಡಿ. ಯಾರಿಗೂ ಹೊಸದಾಗಿ ಜಾಮೀನು ಹಾಕಬೇಡಿ. ಅವರು ತಪ್ಪಿದರೆ ಪೆಟ್ಟು ನಿಮ್ಮ ರಿಪೋರ್ಟಿಗೂ ಬೀಳುತ್ತದೆ. ಇಲ್ಲ ಅನ್ನಲು ಸಂಕೋಚವಾದರೆ, ನನ್ನ ಸಿಬಿಲ್ ಸರಿ ಇಲ್ಲ, ನಾನು ಸಹಿ ಹಾಕಿದರೆ ನಿಮ್ಮ ಸಾಲವೇ ಆಗಲ್ಲ ಅನ್ನಿ. ಸೆಟ್ಲ್‌ಮೆಂಟಿನಿಂದ ನನಗೆ ಆದ ಒಂದೇ ಉಪಕಾರ ಇದು.

ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ ಅನ್ನುವವರು

ಕಂಬಕ್ಕೆ ಅಂಟಿಸಿದ ಚೀಟಿ, ವಾಟ್ಸಾಪ್ ಮೆಸೇಜು, "ಹತ್ತು ದಿನದಲ್ಲಿ 800 ಸ್ಕೋರ್, ಗ್ಯಾರಂಟಿ" ಅನ್ನುವ ವಿಡಿಯೋ. ಇವರು ಮಾಡುವುದು ನೀವು ಪುಕ್ಕಟೆ ಹಾಕಬಹುದಾದ ದೂರನ್ನೇ, ಅದಕ್ಕೆ ಸಾವಿರಗಟ್ಟಲೆ ಕೀಳುತ್ತಾರೆ. ನಿಜವಾದ ಮಾಹಿತಿಯನ್ನು ಅಳಿಸುವ ತಾಕತ್ತು ಯಾವ ಏಜೆಂಟನಿಗೂ ಇಲ್ಲ. ಪ್ಯಾನ್, ಆಧಾರ್, ಓಟಿಪಿ ಮೂರೂ ಕೊಟ್ಟಿರೋ, ನಾಳೆ ನಿಮ್ಮ ಹೆಸರಲ್ಲಿ ಹೊಸ ಸಾಲ ಹುಟ್ಟಿದರೂ ಆಶ್ಚರ್ಯವಿಲ್ಲ.

ಹಂತ 8: ಮತ್ತೆ ಸಾಲ ಕೇಳಲು ಹೋಗುವಾಗ

ಯಾವಾಗ ಅಂತ ಕೇಳಿದರೆ, ವಿರಾಮದ ಅವಧಿ ಮುಗಿದು, ಹೊಸ ದಾಖಲೆ ಒಂದೂವರೆ ಎರಡು ವರ್ಷ ಆಗಿರಬೇಕು ಅನ್ನುವುದು ನನ್ನ ಅಂದಾಜು. ಆ 36 ಚೌಕಗಳಲ್ಲಿ ಹೊಸ ಸೊನ್ನೆಗಳು ತುಂಬಿದಷ್ಟೂ ಹಳೆಯ ಕಲೆ ಹಿಂದೆ ಸರಿಯುತ್ತದೆ.

ಆನ್‌ಲೈನ್ ಅರ್ಜಿ ಬೇಡ. ಅಲ್ಲಿ ಸೆಟ್ಲ್ಡ್ ಅನ್ನುವ ಪದ ಕಂಡರೆ ಯಂತ್ರವೇ ತಿರಸ್ಕರಿಸುತ್ತದೆ. ನಿಮ್ಮ ಸಂಬಳವೋ ವ್ಯಾಪಾರದ ಹಣವೋ ಬರುವ ಬ್ಯಾಂಕಿನ ಶಾಖೆಗೆ ಹೋಗಿ, ಮ್ಯಾನೇಜರ್ ಬಿಡುವಾಗಿರುವ ಹೊತ್ತು ನೋಡಿ ಕೂತು ಮಾತಾಡಿ. ಅವರು ರಿಪೋರ್ಟ್ ತೆಗೆಯುವ ಮೊದಲೇ ನೀವೇ ಬಾಯಿಬಿಡಿ: ಇಂಥ ವರ್ಷ ಕೆಲಸ ಹೋಯಿತು, ಅಥವಾ ಆಸ್ಪತ್ರೆ ಖರ್ಚು ಬಂತು, ಸಾಲ ನಿಂತಿತು, ಇಂಥ ತಾರೀಖಿಗೆ ಸೆಟ್ಲ್ ಮಾಡಿದೆ, ಅಲ್ಲಿಂದ ಒಂದು ಕಂತೂ ತಪ್ಪಿಲ್ಲ, ಕಾಗದ ಇಲ್ಲಿದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬೀಳುವುದಕ್ಕಿಂತ ಇದು ಎಷ್ಟೋ ಮೇಲು. ಎರಡು ಮೂರು ವರ್ಷದ ಐಟಿ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ನೋ ಡ್ಯೂ ಪತ್ರ ಒಂದೇ ಫೈಲಿನಲ್ಲಿರಲಿ. ಒಳ್ಳೆಯ ರೆಕಾರ್ಡ್ ಇರುವ ಹೆಂಡತಿಯೋ ಗಂಡನೋ ಸಹ ಅರ್ಜಿದಾರರಾದರೆ ದಾರಿ ಇನ್ನೂ ಸಲೀಸು. ಆದರೆ ಕಂತು ತಪ್ಪಿದರೆ ಅವರ ರೆಕಾರ್ಡೂ ಕೆಡುತ್ತದೆ ಅನ್ನುವುದನ್ನು ಮನೆಯಲ್ಲಿ ಮೊದಲೇ ಹೇಳಿ.

ಆಗಲ್ಲ ಅಂದರೆ ಯಾಕೆ ಅಂತ ಕೇಳಿ ಬರೆದುಕೊಳ್ಳಿ, ಮರುದಿನವೇ ಇನ್ನೊಂದು ಬ್ಯಾಂಕಿಗೆ ಓಡಬೇಡಿ. ಆರು ತಿಂಗಳು ಬಿಟ್ಟು ಆ ಕಾರಣ ಸರಿಯಾಗಿದೆಯಾ ನೋಡಿ ಹೋಗಿ.

ಸಿಕ್ಕರೂ ಮೊದಲ ಸಲ ಬಡ್ಡಿ ಉಳಿದವರಿಗಿಂತ ತುಸು ಜಾಸ್ತಿಯೇ ಇರಬಹುದು. ಸಹಿ ಹಾಕುವ ಮೊದಲು ಬಡ್ಡಿ ಫ್ಲೋಟಿಂಗಾ, ಅಂದರೆ ಮಾರುಕಟ್ಟೆಯ ದರದ ಜೊತೆ ಏರಿಳಿಯುವಂಥದ್ದಾ ಅಂತ ನೋಡಿಕೊಳ್ಳಿ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ತಗೊಂಡ ಫ್ಲೋಟಿಂಗ್ ದರದ ಮನೆ ಸಾಲವನ್ನು ಅವಧಿಗೆ ಮೊದಲೇ ಮುಚ್ಚಿದರೆ ದಂಡ ಹಾಕುವಂತಿಲ್ಲ. ಹನ್ನೆರಡು ಹದಿನೆಂಟು ಕಂತು ಸರಿಯಾಗಿ ಹೋದ ಮೇಲೆ ಅದೇ ಮ್ಯಾನೇಜರ್ ಹತ್ತಿರ ಹೋಗಿ ಬಡ್ಡಿ ಇಳಿಸಲು ಕೇಳಿ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವ ಲೆಕ್ಕ ಹಾಕಿ, ಅಲ್ಲಿಯ ಪ್ರೊಸೆಸಿಂಗ್ ಫೀ ಕಳೆದು ಉಳಿತಾಯ ಎಷ್ಟು ಅಂತ ನೋಡಿಯೇ ಅರ್ಜಿ ಹಾಕಿ.